‘ಸೀಟ್ ಸಿಗತೈತ್ರಿ?’ ಎಂದು ಕೇಳಿದಾಗ

ಗುತ್ತಲದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ಮೂರನೇ ವಾರ. ಹತ್ತನೇ ತರಗತಿಗೆ ವಿದ್ಯುಚ್ಛಕ್ತಿ ಘಟಕ ಮುಗಿಸಿ ಕಿರುಪರೀಕ್ಷೆಯ ಉತ್ತರಪತ್ರಿಕೆ ಹಂಚುತ್ತಿದ್ದೆ. 25ಕ್ಕೆ 11 ಪಡೆದ ವಿದ್ಯಾರ್ಥಿನಿ ಕೇಳಿದಳು: “ಮೇಡಂ, ನನಗ ಇಂಜಿನಿಯರಿಂಗ್ ಗೌರ್ಮೆಂಟ್ ಸೀಟ್ ಸಿಗತೈತ್ರಿ?” ನಾನು ಪತ್ರಿಕೆ ನೋಡಿ, “ಕಷ್ಟ ಐತವ್ವಾ” ಎಂದುಬಿಟ್ಟೆ. ಮರುವಾರ ಅವಳು ಗೆಳತಿಯರ ಮುಂದೆ ‘ನಾ ಆರ್ಟ್ಸ್ ತೊಗೋತೀನಿ’ ಎನ್ನುತ್ತಿದ್ದಳು.

ಸಪ್ರಮಾಣತೆಯ ಬಗ್ಗೆ ನಾವೆಲ್ಲ ಪರೀಕ್ಷೆಯಲ್ಲಿ ಬರೆದಿದ್ದೇವೆ: ಯಾವುದನ್ನು ಅಳೆಯಲು ಪರೀಕ್ಷೆ ಮಾಡಿದೆಯೋ ಅದನ್ನೇ ಅದು ಅಳೆಯಬೇಕು. ಒಂದು ಘಟಕದ ಕಲಿಕೆ ಅಳೆಯುವ ಪತ್ರಿಕೆಯಿಂದ ನಾನು ಮೂರು ವರ್ಷದಾಚೆಯ ಸೀಟನ್ನು ಅಳೆದಿದ್ದೆ.

ಸೀಟು ನಿರ್ಧಾರವಾಗುವ ಬಗೆಯೇ ಬೇರೆ. ಇಂಜಿನಿಯರಿಂಗ್ ರ‍್ಯಾಂಕ್‌ಗೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಇನ್ನರ್ಧ. ಪಿಯುಸಿಯಲ್ಲಿ ಶೇ. 90, ಸಿಇಟಿಯಲ್ಲಿ 180ಕ್ಕೆ 72 ಪಡೆದವಳೂ, ಪಿಯುಸಿಯಲ್ಲಿ ಶೇ. 80, ಸಿಇಟಿಯಲ್ಲಿ 90 ಪಡೆದವಳೂ ಸಮಾನರು, ಇಬ್ಬರದೂ 65. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇನ್ನು ಯಾವ ಕಾಲೇಜು, ಯಾವ ವಿಭಾಗ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಬೆಂಗಳೂರಿನ ಆರ್.ವಿ. ಕಾಲೇಜಿನ ಕಂಪ್ಯೂಟರ್ ಸೈನ್ಸ್‌ಗೆ ಸಾಲದ ರ‍್ಯಾಂಕ್, ನಮ್ಮ ದೇವಗಿರಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್‌ಗೆ ಧಾರಾಳವಾಗಿ ಸಾಕಾಗಬಹುದು.

ಮೀಸಲಾತಿಯ ಲೆಕ್ಕ ನನಗೇ ಗೊತ್ತಿರಲಿಲ್ಲ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5, ಅಷ್ಟೂ ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15 ಸೀಟುಗಳಿವೆ. ಕಟ್‌ಆಫ್ ಪಟ್ಟಿಯಲ್ಲಿ ಪ್ರವರ್ಗದ ಮುಂದೆ ಕಾಣುವ ‘ಕೆ’, ‘ಆರ್’ ಅಕ್ಷರಗಳು ಇವೇ. ಈ ಹುಡುಗಿ ಏಳನೆಯವರೆಗೆ ಓದಿದ್ದು ಸುತ್ತಲಿನ ಹಳ್ಳಿಯಲ್ಲಿ. ಆದರೆ ಗುತ್ತಲ ಈಗ ಪಟ್ಟಣ ಪಂಚಾಯಿತಿ. ಇಲ್ಲಿನ ಪ್ರೌಢಶಾಲೆಗೆ ಬಂದದ್ದರಿಂದ ಗ್ರಾಮೀಣ ಮೀಸಲಾತಿ ಕೈತಪ್ಪುತ್ತದೆ, ಕನ್ನಡ ಮಾಧ್ಯಮದ್ದು ಉಳಿಯುತ್ತದೆ. ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯುಳ್ಳ ವ್ಯಾಸಂಗ ಪ್ರಮಾಣಪತ್ರ ಬೇಕೆಂದು ಈಗಲೇ ತಿಳಿದಿದ್ದರೆ ಮುಂದೆ ಓಡಾಟ ತಪ್ಪುತ್ತದೆ.

ಸುಳ್ಳು ಭರವಸೆ ಕೊಡಬಾರದು ಎಂದು ಕೆಲವರು ಹೇಳಬಹುದು. ನಿಜ. ಹೋದ ವರ್ಷದ ಕಟ್‌ಆಫ್ ಈ ವರ್ಷಕ್ಕೆ ಖಾತರಿಯಲ್ಲ. ಆದರೆ ಸುಳ್ಳು ನಿರಾಶೆಯೂ ಅಷ್ಟೇ ತಪ್ಪು. ಮನೆಯಲ್ಲಿ ಕೇಳಲು ಯಾರೂ ಇಲ್ಲದ ಮಕ್ಕಳಿಗೆ ಶಿಕ್ಷಕರ ‘ಕಷ್ಟ’ ಎಂಬ ಮಾತೇ ಕೊನೆಯ ತೀರ್ಪು.

ಬೋಧನಾಭ್ಯಾಸ ಮುಗಿಯುವ ಮುನ್ನ ಅವಳನ್ನು ಕೂರಿಸಿಕೊಂಡು ಇಷ್ಟನ್ನೂ ಹಾಳೆಯ ಮೇಲೆ ಬರೆದು ತೋರಿಸಿದೆ. “ಹಂಗಾರ ಈ ಹನ್ನೊಂದು ಲೆಕ್ಕಕ್ಕ ಬರೂದಿಲ್ರಿ?” ಎಂದಳು. ಅಂಕ ಬರುವುದಿಲ್ಲ, ಓಮ್‌ನ ನಿಯಮ ಪಿಯುಸಿಯಲ್ಲೂ ಬರುತ್ತದೆ ಎಂದೆ. ವಿಜ್ಞಾನ ತೆಗೆದುಕೊಳ್ಳುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು.

ನಮ್ಮ ಬೋಧನಾಭ್ಯಾಸದ ದಾಖಲೆಯಲ್ಲಿ ಪಾಠಯೋಜನೆಗಳ ಜೊತೆಗೆ ಇಂಥ ಒಂದು ಮಾರ್ಗದರ್ಶನ ಅವಧಿಯೂ ಕಡ್ಡಾಯವಾಗಲಿ. ಪ್ರವೇಶದ ನಿಯಮಗಳನ್ನು ಮೊದಲು ನಾವು ಕಲಿಯೋಣ. ಅಲ್ಲಿಯವರೆಗೆ ಇಂಥ ಪ್ರಶ್ನೆಗೆ ‘ನಾಳೆ ಲೆಕ್ಕ ಹಾಕಿ ಹೇಳ್ತೀನಿ’ ಎಂಬುದೇ ಸರಿಯಾದ ಉತ್ತರ.