ಮನೆಯ ಮಗಳ ವಿವರ ಯಾರ ಸೊತ್ತು?



ಮದುವೆಯ ಕಾಲ ಬಂತೆಂದರೆ ನಮ್ಮ ಸಮಾಜದ ಮನೆಗಳಲ್ಲಿ ವಧು-ವರರ ಮಾತೇ ಮಾತು. ಯಾರ ಮಗಳು ಎಲ್ಲಿಯವರೆಗೆ ಓದಿದ್ದಾಳೆ, ಯಾರ ಮಗ ಯಾವ ಕಂಪನಿಯಲ್ಲಿದ್ದಾನೆ, ಸಂಬಳವೆಷ್ಟು, ಊರಿನಲ್ಲಿ ಹೊಲವೆಷ್ಟು ಎಂಬ ವಿಚಾರಣೆ ನಡೆದೇ ಇರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಹೆಣ್ಣು ಕೊಡುವವರೂ ತರುವವರೂ ವಿಚಾರಿಸಲೇಬೇಕು. ಆದರೆ ಹಿಂದೆ ಪಡಸಾಲೆಯಲ್ಲಿ ನಡೆಯುತ್ತಿದ್ದ ಈ ವಿಚಾರಣೆ ಇಂದು ಮೊಬೈಲ್ ಫೋನಿನಲ್ಲಿ ನಡೆಯುತ್ತಿದೆ. ಈ ವ್ಯತ್ಯಾಸವನ್ನು ನಾವು ಸಣ್ಣದೆಂದೇ ತಿಳಿದಿದ್ದೆವು. ಅದು ಸಣ್ಣದಲ್ಲವೆಂಬುದು ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಸಂಗದಿಂದ ಮನವರಿಕೆಯಾಯಿತು.

ನಮ್ಮ ತಮ್ಮನ ಮಗಳು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ಒಳ್ಳೆಯ ಮನೆತನ ಬೇಗ ಕೂಡಿಬರಲಿ ಎಂಬ ಆತುರದಿಂದ ಆಕೆಯ ಪರಿಚಯ ಪತ್ರವನ್ನು ಸಮಾಜದ ಎರಡು ವಾಟ್ಸ್‌ಆ್ಯಪ್ ಬಳಗಗಳಿಗೆ ನಾವೇ ಕಳುಹಿಸಿದೆವು. ಭಾವಚಿತ್ರ, ಜನ್ಮದಿನಾಂಕ, ತಂದೆಯ ಹೆಸರು, ಕಚೇರಿಯ ಹೆಸರು, ವಾರ್ಷಿಕ ಸಂಬಳ, ವಾಸದ ವಿಳಾಸ, ಆಕೆಯದೇ ಮೊಬೈಲ್ ಸಂಖ್ಯೆ, ಎಲ್ಲವೂ ಅದರಲ್ಲಿದ್ದವು. ವಿವರ ಹೆಚ್ಚಿದ್ದಷ್ಟೂ ವಿಶ್ವಾಸ ಹೆಚ್ಚು ಎಂಬುದು ನಮ್ಮ ಲೆಕ್ಕಾಚಾರವಾಗಿತ್ತು.

ಎರಡು ವಾರದೊಳಗೆ ಅಪರಿಚಿತರ ಕರೆಗಳು ಆರಂಭವಾದವು. ಕೆಲವರು ನಿಜವಾಗಿಯೂ ಸಂಬಂಧ ಕೇಳುವವರು. ಕೆಲವರು ರಾತ್ರಿ ಹನ್ನೊಂದಕ್ಕೆ ಹರಟೆ ಹೊಡೆಯಬಯಸುವವರು. ಒಂದು ದಿನ ಪೊಲೀಸ್ ಅಧಿಕಾರಿಯೆಂದು ಹೇಳಿಕೊಂಡ ಒಬ್ಬಾತ ಕರೆ ಮಾಡಿ, ಆಕೆಯ ತಂದೆಯ ಹೆಸರು, ಹುಟ್ಟಿದ ದಿನ, ಕಚೇರಿ ಎಲ್ಲವನ್ನೂ ತಾನೇ ಹೇಳಿ, ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ನಿಷೇಧಿತ ವಸ್ತು ಸಿಕ್ಕಿದೆ’ ಎಂದು ಬೆದರಿಸಿದನಂತೆ. ಹುಡುಗಿ ಜಾಣೆ, ಕರೆಯನ್ನು ಕಡಿದುಹಾಕಿದಳು. ಆ ವಿವರಗಳು ನಮ್ಮ ಪತ್ರದಿಂದಲೇ ಹೋದುವೆಂದು ಸಾಧಿಸಿ ತೋರಿಸಲಾಗದು. ಹೋಗಲಿಲ್ಲವೆಂದು ಹೇಳುವ ಧೈರ್ಯವೂ ನಮಗಿಲ್ಲ. ಅಂದು ಸಂಜೆ ಆಕೆ ನಮಗೆ ಫೋನ್ ಮಾಡಿ, “ದೊಡ್ಡಪ್ಪಾ, ಕಳುಹಿಸುವ ಮೊದಲು ನನ್ನನ್ನು ಒಂದು ಮಾತು ಕೇಳಿದಿರಾ?” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಸಂಖ್ಯೆಯನ್ನು ಬದಲಿಸಿಬಿಡು ಎಂದು ಹೇಳಲು ಹೋದೆವು. ಅದೂ ಸುಲಭವಲ್ಲವೆಂದು ಆಕೆ ವಿವರಿಸಿದಳು. ಬ್ಯಾಂಕಿನ ಖಾತೆ, ಆಧಾರ್, ಭವಿಷ್ಯನಿಧಿ, ಆದಾಯ ತೆರಿಗೆ ಎಲ್ಲವೂ ಅದೇ ಸಂಖ್ಯೆಗೆ ಕೂಡಿಕೊಂಡಿವೆ. ಆ ಸಂಖ್ಯೆ ಬರಿಯ ದೂರವಾಣಿ ಸಂಖ್ಯೆಯಲ್ಲ, ಆಕೆಯ ಹಣಕಾಸಿನ ಬೀಗದ ಕೈ. ಅದನ್ನು ನಾವು ನೂರಾರು ಜನರ ಕೈಗೆ ಹಂಚಿದ್ದೆವು.

ಹಿಂದಿನವರು ಈ ವಿಷಯದಲ್ಲಿ ನಮಗಿಂತ ಎಚ್ಚರದಿಂದಿದ್ದರು. ದಿನಪತ್ರಿಕೆಗಳ ವಧೂವರ ಅಂಕಣಗಳಲ್ಲಿ ‘ಬಾಕ್ಸ್ ನಂಬರ್’ ಎಂಬ ಪದ್ಧತಿಯಿದ್ದುದನ್ನು ಹಿರಿಯ ಓದುಗರು ಬಲ್ಲರು. ಜಾಹೀರಾತಿನಲ್ಲಿ ವಯಸ್ಸು, ವಿದ್ಯೆ, ಉದ್ಯೋಗ ಇಷ್ಟು ಮಾತ್ರ. ಹೆಸರು, ವಿಳಾಸ ಪತ್ರಿಕೆಯ ಕಚೇರಿಯಲ್ಲಿ. ಆಸಕ್ತರು ಆ ಸಂಖ್ಯೆಗೆ ಪತ್ರ ಬರೆದರೆ ಕಚೇರಿಯವರು ಅದನ್ನು ಮನೆಯವರಿಗೆ ತಲುಪಿಸುತ್ತಿದ್ದರು. ಯಾರಿಗೆ ಉತ್ತರಿಸಬೇಕು, ಯಾರಿಗೆ ಬೇಡ ಎಂಬ ನಿರ್ಧಾರ ಮನೆಯವರದೇ ಆಗಿತ್ತು. ಯಂತ್ರ ಬೆಳೆದಂತೆ ನಾವು ಇಂಥ ಒಳ್ಳೆಯ ವ್ಯವಸ್ಥೆಯನ್ನೇ ಕೈಬಿಟ್ಟೆವು.

ಖಾಸಗಿತನವೆಂಬುದು ಪಾಶ್ಚಾತ್ಯರ ಕಲ್ಪನೆ, ನಮ್ಮ ಕೂಡುಕುಟುಂಬಗಳಿಗೆ ಅದು ಸಲ್ಲದು ಎನ್ನುವವರುಂಟು. ಅಂಥವರು ಕನ್ನಡ ನಾಡಿನ ಒಬ್ಬ ಹಿರಿಯರ ಕಾರ್ಯವನ್ನು ನೆನೆಯಬೇಕು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಖಾಸಗಿತನವು ಸಂವಿಧಾನದ ಮೂಲಭೂತ ಹಕ್ಕೇ ಅಲ್ಲವೆಂದು ಕೇಂದ್ರ ಸರ್ಕಾರ ವಾದಿಸಿತು. 1954 ಮತ್ತು 1962ರ ಹಳೆಯ ತೀರ್ಪುಗಳನ್ನು ಮುಂದಿಟ್ಟಿತು. ಕೊನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಏಕಮತದಿಂದ, ಖಾಸಗಿತನವು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನ ಭಾಗವೇ ಆಗಿದೆಯೆಂದು ಸಾರಿತು. ಮುಂದೆ 2018ರ ಸೆಪ್ಟೆಂಬರ್ 26ರಂದು ಐವರ ಪೀಠವು ಬಹುಮತದಿಂದ ಆಧಾರ್ ಕಾಯಿದೆಯನ್ನು ಎತ್ತಿಹಿಡಿಯಿತಾದರೂ, ಬ್ಯಾಂಕ್ ಖಾತೆಗೆ, ಮೊಬೈಲ್ ಸಿಮ್‌ಗೆ ಅದನ್ನು ಕಡ್ಡಾಯ ಮಾಡುವಂತಿಲ್ಲವೆಂದಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರ ಹೆಸರು ದೇಶದ ನ್ಯಾಯಶಾಸ್ತ್ರದಲ್ಲಿ ಉಳಿದಿದೆ.

ಆ ತೀರ್ಪಿನ ಫಲವೆನ್ನುವಂತೆ 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ಸಂಸತ್ತು ಅಂಗೀಕರಿಸಿತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟುಪಾಡುಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶ ನೀಡಲಾಯಿತು. ಈ ಕಾಯಿದೆಯ ತಿರುಳು ಒಂದೇ ಮಾತು: ಒಪ್ಪಿಗೆ. ಯಾವ ವಿವರ, ಯಾವ ಉದ್ದೇಶಕ್ಕೆ ಎಂಬುದನ್ನು ತಿಳಿಸಿ, ವ್ಯಕ್ತಿಯ ಸ್ವತಂತ್ರವಾದ, ಸ್ಪಷ್ಟವಾದ ಒಪ್ಪಿಗೆ ಪಡೆಯಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕು ಆ ವ್ಯಕ್ತಿಗಿರಬೇಕು. ಕೇಳಿದವರಿಗೆ ಈ ತಿಳಿವಳಿಕೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಒದಗಿಸಬೇಕು. ಅಂದರೆ ಕನ್ನಡದಲ್ಲಿಯೂ ಕೇಳಿ ಪಡೆಯಬಹುದು. 18 ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆ ಬೇಕು. ತಪ್ಪಿದ ಸಂಸ್ಥೆಗಳಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ.

ಆದರೆ ನಮ್ಮ ಓದುಗರು ಗಮನಿಸಬೇಕಾದ ಎರಡು ಸಂಗತಿಗಳು ಇದೇ ಕಾಯಿದೆಯಲ್ಲಿವೆ. ಒಬ್ಬ ವ್ಯಕ್ತಿ ತನ್ನ ಸ್ವಂತದ ಅಥವಾ ಮನೆಯ ಕಾರ್ಯಕ್ಕಾಗಿ ಬಳಸುವ ವಿವರಗಳಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ಹಾಗೆಯೇ, ಯಾರಾದರೂ ತಮ್ಮ ವಿವರವನ್ನು ತಾವೇ ಬಹಿರಂಗವಾಗಿ ಪ್ರಕಟಿಸಿದರೆ ಅದಕ್ಕೂ ಅನ್ವಯಿಸುವುದಿಲ್ಲ. ದೊಡ್ಡಪ್ಪ ಮಗಳ ಪರಿಚಯ ಪತ್ರವನ್ನು ನೆಂಟರಿಗೆ ಕಳುಹಿಸುವುದನ್ನು ಕಾನೂನು ಮನೆಯ ಮಾತೆಂದೇ ತಿಳಿದು ಹೊರಗಿಟ್ಟಿದೆ. ನಮ್ಮ ಮನೆಯೊಳಗೆ ನ್ಯಾಯಾಧೀಶರು ಬರುವುದಿಲ್ಲ, ಬರುವುದೂ ಬೇಡ. ಹಾಗಾದರೆ ಅಲ್ಲಿನ ಧರ್ಮವನ್ನು ಪಾಲಿಸಬೇಕಾದವರು ಯಾರು? ನಾವೇ ಅಲ್ಲವೆ?

ಈ ಮಾತನ್ನು ಹಿರಿಯರೊಬ್ಬರ ಮುಂದೆ ಆಡಿದಾಗ ಅವರು, “ಮುಚ್ಚುಮರೆ ಯಾತಕ್ಕೆ? ಶುದ್ಧವಾಗಿ ಬದುಕುವವನಿಗೆ ಗುಟ್ಟು ಯಾವುದು?” ಎಂದು ಕೇಳಿದರು. ಪ್ರಶ್ನೆ ಯೋಗ್ಯವಾದದ್ದೇ. ಆದರೆ ಗುಟ್ಟು ಬೇರೆ, ಮರ್ಯಾದೆ ಬೇರೆ. ನಾವು ಎದೆಯ ಮೇಲೆ ಧರಿಸುವ ಇಷ್ಟಲಿಂಗ ನಮಗೆ ನಾಚಿಕೆಯ ವಸ್ತುವಲ್ಲ, ಅತ್ಯಂತ ಪವಿತ್ರವಾದದ್ದು. ಹಾಗಿದ್ದೂ ಅದನ್ನು ಕಂಡಕಂಡವರ ಮುಂದೆ ತೆರೆದು ತೋರಿಸುವುದಿಲ್ಲ. ಪೂಜೆಯ ಹೊತ್ತಿನಲ್ಲಿ ನಮ್ಮದೇ ಅಂಗೈಯಲ್ಲಿಟ್ಟು ನೋಡುತ್ತೇವೆ. ಹನ್ನೆರಡನೆಯ ಶತಮಾನದ ಶರಣರು ಲಿಂಗಧಾರಣೆಯ ಅಧಿಕಾರವನ್ನು ಹೆಣ್ಣಿಗೂ ಕೊಟ್ಟರು. ಹೆಣ್ಣುಮಗಳ ಅಂಗೈಗೆ ಲಿಂಗವನ್ನೇ ಕೊಟ್ಟ ಪರಂಪರೆಯವರು, ಆಕೆಯ ಭಾವಚಿತ್ರ, ಸಂಬಳಗಳನ್ನು ಹಂಚುವ ಮೊದಲು ಆಕೆಯನ್ನು ಕೇಳದಿರುವುದು ಎಂಥ ನ್ಯಾಯ?

ಇನ್ನೊಂದು ಮಾತನ್ನೂ ಸ್ಪಷ್ಟಪಡಿಸಬೇಕು. ಖಾಸಗಿತನದ ಹೆಸರಿನಲ್ಲಿ ವಂಚನೆ ನಡೆಯಬಾರದು. ಕಾಯಿಲೆಯನ್ನು, ಹಿಂದಿನ ವಿವಾಹವನ್ನು, ಸಾಲವನ್ನು ಮರೆಮಾಚಿ ಮದುವೆ ಮಾಡುವುದು ಪಾಪ. ಸಂಬಂಧ ಬೆಳೆಸಲಿರುವ ಮನೆಗೆ ಸತ್ಯವನ್ನು ಪೂರ್ತಿಯಾಗಿ ಹೇಳಲೇಬೇಕು. ಆದರೆ ಸಂಬಂಧ ಬೆಳೆಸಲಿರುವ ಒಂದು ಮನೆಗೆ ಹೇಳುವುದಕ್ಕೂ, ಸಂಬಂಧವೇ ಇಲ್ಲದ ಐದುನೂರು ಮನೆಗಳಿಗೆ ಹೇಳುವುದಕ್ಕೂ ಅಂತರವಿದೆ. ಯಾರಿಗೆ, ಯಾವಾಗ, ಎಷ್ಟು ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಈ ಅಂತರ ತಾನಾಗಿಯೇ ತಿಳಿಯುತ್ತದೆ.

ಇದನ್ನು ಬರಿಯ ಉಪದೇಶವಾಗಿ ಬಿಡದೆ, ಕೆಲವು ಸಲಹೆಗಳನ್ನು ಸಮಾಜದ ಮುಂದಿಡಬಯಸುತ್ತೇವೆ.

ಮೊದಲನೆಯದಾಗಿ, ಪರಿಚಯ ಪತ್ರವನ್ನು ಮಗ ಅಥವಾ ಮಗಳೇ ಓದಿ ಒಪ್ಪಿದ ಮೇಲೆ ಮಾತ್ರ ಹೊರಗೆ ಕಳುಹಿಸಬೇಕು. ಮೊದಲ ಹಂತದಲ್ಲಿ ವಯಸ್ಸು, ವಿದ್ಯೆ, ಉದ್ಯೋಗದ ಸ್ವರೂಪ, ಊರು ಇಷ್ಟು ಸಾಕು. ಸಂಪರ್ಕಕ್ಕೆ ಮನೆಯ ಹಿರಿಯರೊಬ್ಬರ ಸಂಖ್ಯೆಯಿರಲಿ. ಅದೂ ಬ್ಯಾಂಕಿಗೆ ಜೋಡಿಸದ ಸಂಖ್ಯೆಯಾದರೆ ಲೇಸು. ಭಾವಚಿತ್ರ, ವಿಳಾಸಗಳು ಎರಡೂ ಕಡೆಯವರು ಮಾತಾಡಿದ ನಂತರದ ವಿಷಯ.

ಎರಡನೆಯದಾಗಿ, ವರನ ಸಂಬಳದ ಚೀಟಿಯನ್ನು ಕಳುಹಿಸಿ ಎಂದು ಕೇಳುವ ರೂಢಿ ಹೆಚ್ಚುತ್ತಿದೆ. ಆ ಚೀಟಿಯಲ್ಲಿ ಸಾಮಾನ್ಯವಾಗಿ ಪ್ಯಾನ್ ಸಂಖ್ಯೆ, ಭವಿಷ್ಯನಿಧಿ ಸಂಖ್ಯೆ, ಬ್ಯಾಂಕ್ ಖಾತೆಯ ಸಂಖ್ಯೆಗಳಿರುತ್ತವೆ. ನೋಡಲೇಬೇಕಾದರೆ ಎದುರು ಕುಳಿತಾಗ ನೋಡಿ ಹಿಂದಿರುಗಿಸಲಿ. ಗುರುತಿಗಾಗಿ ಆಧಾರ್ ಕೇಳಿದರೆ, ಕೊನೆಯ ನಾಲ್ಕು ಅಂಕೆಗಳು ಮಾತ್ರ ಕಾಣುವ ಮರೆಮಾಡಿದ ಆಧಾರ್ ಪ್ರತಿಯನ್ನು ಪ್ರಾಧಿಕಾರವೇ ಒದಗಿಸುತ್ತದೆ, ಅದನ್ನು ಬಳಸಬಹುದು.

ಮೂರನೆಯದಾಗಿ, ವಧೂವರರ ಸಮಾವೇಶಗಳನ್ನು ನಡೆಸುವ ಸಂಘಸಂಸ್ಥೆಗಳಲ್ಲಿ ನಮ್ಮ ವಿನಂತಿ. ಭಾವಚಿತ್ರ, ಮೊಬೈಲ್ ಸಂಖ್ಯೆ ಸಹಿತ ಪುಸ್ತಿಕೆ ಅಚ್ಚಿಸಿ ಮಾರುವ ಬದಲು, ಹಳೆಯ ಬಾಕ್ಸ್ ನಂಬರಿನಂತೆ ನೋಂದಣಿ ಸಂಖ್ಯೆ ಕೊಟ್ಟು, ಹೆಸರು ವಿಳಾಸಗಳನ್ನು ಕಚೇರಿಯ ದಾಖಲೆಯಲ್ಲಿಡಬಹುದಲ್ಲವೆ? ಮದುವೆ ನಿಶ್ಚಯವಾದವರ ವಿವರವನ್ನು ಅಳಿಸಿಹಾಕುವ ಹೊಣೆಯನ್ನೂ ಒಬ್ಬರು ಹೊರಬೇಕು. ಎರಡು ಮಕ್ಕಳ ತಾಯಿಯಾದವಳ ಪರಿಚಯ ಪತ್ರ ಇನ್ನೂ ಬಳಗದಲ್ಲಿ ತಿರುಗುತ್ತಿರುವುದು ಯಾರಿಗೂ ಶೋಭೆಯಲ್ಲ.

ನಾಲ್ಕನೆಯದಾಗಿ, ನಮ್ಮ ವ್ಯಾಪಾರಿ ಬಂಧುಗಳಿಗೆ ಒಂದು ಮಾತು. ಅಂಗಡಿಯಲ್ಲಿ ಬಿಲ್ಲು ಮಾಡುವಾಗ ಗ್ರಾಹಕರ ಮೊಬೈಲ್ ಸಂಖ್ಯೆಯನ್ನು ಕಡ್ಡಾಯವಾಗಿ ಕೇಳಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲಿಯೇ ಸೂಚಿಸಿತು. ಸೀರೆ ಕೊಳ್ಳಲು ಬಂದವರಿಗೆ ದೂರವಾಣಿ ಸಂಖ್ಯೆ ಹೇಳದೆ ಸೀರೆ ಕೊಡುವುದಿಲ್ಲವೆನ್ನುವುದು ಕಾಯಕದ ಲಕ್ಷಣವಲ್ಲ. ತೂಕದಲ್ಲಿ ಮೋಸ ಮಾಡಬಾರದೆಂಬ ನಿಯಮ ಹೇಗೆಯೋ, ಗಿರಾಕಿಯ ವಿವರವನ್ನು ಮೂರನೆಯವರಿಗೆ ಮಾರಬಾರದೆಂಬುದೂ ಹಾಗೆಯೇ.

ಉದ್ಯೋಗದ ದಾರಿ ಹುಡುಕುತ್ತಿರುವ ನಮ್ಮ ಯುವಕ ಯುವತಿಯರಿಗೂ ಇಲ್ಲೊಂದು ಸೂಚನೆಯುಂಟು. ಮಹತ್ವದ ಪ್ರಮಾಣದಲ್ಲಿ ಜನರ ವಿವರಗಳನ್ನು ನಿರ್ವಹಿಸುವ ಸಂಸ್ಥೆಗಳೆಂದು ಸರ್ಕಾರ ಗುರುತಿಸುವ ಸಂಸ್ಥೆಗಳು ಭಾರತದಲ್ಲಿಯೇ ನೆಲೆಸಿರುವ ದತ್ತಾಂಶ ಸಂರಕ್ಷಣಾ ಅಧಿಕಾರಿಯನ್ನು ನೇಮಿಸಬೇಕೆಂದು ಹೊಸ ಕಾಯಿದೆ ಹೇಳುತ್ತದೆ. ಕಾನೂನು ಓದಿದವರು ಸ್ವಲ್ಪ ಗಣಕ ವಿದ್ಯೆಯನ್ನೂ, ಗಣಕ ವಿದ್ಯೆ ಓದಿದವರು ಸ್ವಲ್ಪ ಕಾನೂನನ್ನೂ ಕಲಿತರೆ ಈ ಕ್ಷೇತ್ರ ಅವರನ್ನು ಕೈಬಿಡಲಾರದು. ಪರರ ವಿವರವನ್ನು ಪರರ ಒಡವೆಯಂತೆ ಕಾಯುವುದು ಒಳ್ಳೆಯ ಕಾಯಕವೇ ಸರಿ.

ಕೊನೆಯದಾಗಿ, ಹಿರಿಯ ವಯಸ್ಸಿನ ಓದುಗರಿಗೆ ಎಚ್ಚರಿಕೆ. ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. ಯಾವ ಪೊಲೀಸರೂ ವಿಡಿಯೋ ಕರೆಯಲ್ಲಿ ಬಂಧಿಸುವುದಿಲ್ಲ, ಹಣ ಕೇಳುವುದಿಲ್ಲ. ಕರೆ ಮಾಡಿದವನಿಗೆ ನಿಮ್ಮ ಹೆಸರು, ವಿಳಾಸ ತಿಳಿದಿದ್ದ ಮಾತ್ರಕ್ಕೆ ಅವನು ಅಧಿಕಾರಿಯಾಗುವುದಿಲ್ಲ. ಆ ವಿವರ ನಮ್ಮಂಥವರೇ ಹಂಚಿದ್ದಾಗಿರಬಹುದು. ಹಣ ಕಳೆದುಕೊಂಡರೆ ನಾಚಿಕೆಪಟ್ಟು ಸುಮ್ಮನಿರದೆ ತಕ್ಷಣ 1930 ಸಂಖ್ಯೆಗೆ ದೂರು ನೀಡಬೇಕು. ತಡವಾದಷ್ಟೂ ಹಣ ಕೈತಪ್ಪುತ್ತದೆ.

ನಮ್ಮ ಮನೆಯ ಕಥೆಗೆ ಮರಳುವುದಾದರೆ, ಆ ಎರಡೂ ಬಳಗಗಳಿಂದ ಪತ್ರವನ್ನು ತೆಗೆದುಹಾಕುವಂತೆ ನಿರ್ವಾಹಕರನ್ನು ಕೋರಿದೆವು. ಅವರು ತೆಗೆದರು. ಆದರೆ ಅಷ್ಟರಲ್ಲಿ ಯಾರು ಯಾರು ಇಳಿಸಿಕೊಂಡು ಮುಂದೆ ಕಳುಹಿಸಿದ್ದರೋ ಬಲ್ಲವರಿಲ್ಲ. ಹುಡುಗಿ ಈಗ ತನ್ನ ಪರಿಚಯ ಪತ್ರವನ್ನು ತಾನೇ ಬರೆದು ಕೊಟ್ಟಿದ್ದಾಳೆ. ಅದು ಅರ್ಧ ಪುಟಕ್ಕಿಂತ ಹೆಚ್ಚಿಲ್ಲ. ಸಂಪರ್ಕಕ್ಕೆ ನಮ್ಮ ಸಂಖ್ಯೆಯಿದೆ. ಕರೆಗಳು ಈಗ ನಮಗೆ ಬರುತ್ತವೆ. ಹೊತ್ತಿಲ್ಲದ ಹೊತ್ತಿನಲ್ಲಿ ಬಂದಾಗ ಆಕೆ ಪಟ್ಟ ಪಾಡು ಅರ್ಥವಾಗುತ್ತದೆ. ವಿಚಾರಿಸಿದವರ ಬಗ್ಗೆ ಆಕೆಗೆ ತಿಳಿಸಿ, ಆಕೆ ಹೂಂ ಎಂದ ಮೇಲೆಯೇ ಮುಂದಿನ ಮಾತು ಆಡುತ್ತೇವೆ.

ಕೇಳಿ ಕೊಡುವುದರಿಂದ ಸಂಬಂಧ ಕೂಡಿಬರುವುದು ನಾಲ್ಕು ದಿನ ತಡವಾಗಬಹುದು. ಆದರೆ ಮನೆಯ ಮಗಳು ಹಿರಿಯರ ಮೇಲಿಟ್ಟ ನಂಬಿಕೆಗಿಂತ ಆ ನಾಲ್ಕು ದಿನ ದೊಡ್ಡದಲ್ಲ. ಓದುಗ ಬಂಧುಗಳು ಈ ವಿಷಯವನ್ನು ತಂತಮ್ಮ ಮನೆಗಳಲ್ಲಿ, ಮಕ್ಕಳನ್ನೂ ಕೂರಿಸಿಕೊಂಡು ಚರ್ಚಿಸಬೇಕೆಂದು ಪ್ರಾರ್ಥಿಸುತ್ತೇವೆ.