ಬಣ್ಣಕ್ಕಿಂತ ಮೊದಲಿನ ಅವಧಿ

ಬೋಧನೋಪಕರಣವನ್ನು ಮನೆಯಲ್ಲೇ ಪೂರ್ತಿ ಮುಗಿಸಿ ತರಗತಿಗೆ ತರುವ ನಮ್ಮ ರೂಢಿಯನ್ನು ನಾನು ಒಪ್ಪುವುದಿಲ್ಲ. ಹಬ್ಬುವಾಡದ ಅಭ್ಯಾಸ ಬೋಧನೆಯಲ್ಲಿ ರಾಮ ರಾಘೋಬ ರಾಣೆಯವರ ಪಾಠಕ್ಕೆ ಪ್ಲಾಸ್ಟಿಕ್ ಟ್ಯಾಂಕೊಂದನ್ನು ಬಣ್ಣವಿಲ್ಲದೆಯೇ ಒಯ್ದೆ. ನಮ್ಮ ಚೆಂಡಿಯಾದ ರಾಣೆ 1948ರ ಏಪ್ರಿಲ್‌ನಲ್ಲಿ ರಜೌರಿಯ ದಾರಿಯಲ್ಲಿ ನೆಲಬಾಂಬು ತೆಗೆದು ಟ್ಯಾಂಕುಗಳಿಗೆ ಹಾದಿ ಮಾಡಿ ಪರಮವೀರ ಚಕ್ರ ಪಡೆದವರು.

ಮಕ್ಕಳು ಮಾದರಿಯನ್ನು ಸೋಪಿನ ನೀರಲ್ಲಿ ತೊಳೆದು ಜಿಡ್ಡು ತೆಗೆದರು, ಬೂದು ಪ್ರೈಮರ್ ತೆಳ್ಳಗೆ ಬಳಿದರು. (ನಮ್ಮ ಕಡಲಗಾಳಿಯ ತೇವಕ್ಕೆ ಅದು ಒಣಗಲು ಮರುದಿನವೇ ಆಯಿತು.) ಆಮೇಲೆ ಕುಂಚ ಕೊಡಲಿಲ್ಲ, ಕಾಗದ ಕೊಟ್ಟೆ. ಟ್ಯಾಂಕಿನ ನಾಲ್ಕೂ ಬದಿ ಬರೆದು ಕ್ಯಾಮೊಫ್ಲಾಜ್ ಪಟ್ಟೆಗಳನ್ನು ಪೆನ್ಸಿಲಿನಲ್ಲಿ ಗುರುತಿಸಬೇಕು. ಯಾರ ಕಣ್ಣಿಗೆ ಕಾಣಬಾರದು, ಎಲ್ಲಿ ನಿಂತಾಗ ಎಂದು ಕೇಳಿದೆ. ಎಲ್ಲರೂ ತೆಂಗಿನ ತೋಟದ ಹಸಿರನ್ನೇ ಬರೆದರು. ಒಬ್ಬಳು ನಕಾಶೆ ನೋಡಿ, “ರಜೌರಿಯಲ್ಲಿ ತೆಂಗು ಎಲ್ಲಿದೆ ಸರ್?” ಅಂದಳು. ಭೂಗೋಳ ಅಲ್ಲಿಂದ ಶುರುವಾಯಿತು. ಪಟ್ಟೆ ಅಂಚಿನಲ್ಲೇ ನಿಂತರೆ ಪೆಟ್ಟಿಗೆಯ ಆಕಾರ ಎದ್ದು ಕಾಣುತ್ತದೆ, ಅಂಚು ದಾಟಿಸಬೇಕು ಎಂಬುದನ್ನೂ ಅವರೇ ಕಂಡುಕೊಂಡರು.

ವೀಕ್ಷಣೆಗೆ ಬಂದವರು ‘ಮಾದರಿ ಅಪೂರ್ಣ’ ಎಂದು ಬರೆದು ಅಂಕ ಕಳೆದರು. ಮೌಲ್ಯಮಾಪನ ಪಟ್ಟಿಯಲ್ಲಿ ಉಪಕರಣದ ಅಂದಕ್ಕೆ ಅಂಕವಿದೆ. ಮಕ್ಕಳು ಅದರ ಮೇಲೆ ಯೋಚಿಸಿದ್ದಕ್ಕೆ ಕಲಂ ಇಲ್ಲ. ಮುಂದಿನ ಸಾಲಿನ ಪಟ್ಟಿಯಲ್ಲಿ ಆ ಕಲಂ ಸೇರಿಸಬೇಕು.