ಬಹುಮಾನ ಪೋಸ್ಟರಿಗಲ್ಲ, ಮೀಟರಿಗೆ ಸಿಗಲಿ



ಜೂನ್ 5 ಹತ್ತಿರ ಬಂತೆಂದರೆ ನಮ್ಮ ಕಾಲೇಜುಗಳಲ್ಲಿ ‘ಹಸಿರು ಕ್ಯಾಂಪಸ್’ ಸ್ಪರ್ಧೆಗಳ ಸುಗ್ಗಿ. ಕಾಸರಗೋಡಿನಲ್ಲಿ ಕಲಿಯುವವರಿಗೂ, ದಿನಾ ರೈಲು ಹತ್ತಿ ಮಂಗಳೂರಿಗೆ ಹೋಗುವವರಿಗೂ ಇವುಗಳ ಪಟ್ಟಿ ಬಾಯಿಪಾಠ: ಪೋಸ್ಟರ್, ಘೋಷವಾಕ್ಯ, ರೀಲ್ಸ್, ‘ಕಸದಿಂದ ರಸ’. ಗಿಡ ನೆಡುತ್ತಾರೆ, ಫೋಟೋ ತೆಗೆಯುತ್ತಾರೆ, ಪ್ರಮಾಣಪತ್ರ ಹಂಚುತ್ತಾರೆ. ನಮ್ಮ ವಾದ ನೇರವಾಗಿದೆ: ಇಂಥ ಸ್ಪರ್ಧೆಗಳಿಂದ ಕ್ಯಾಂಪಸ್ ಹಸಿರಾಗುವುದಿಲ್ಲ. ಅಳತೆಯೇ ಇಲ್ಲದ ಸ್ಪರ್ಧೆಗೆ ಯುವಜನರಾದ ನಾವು ಹೆಸರು ಕೊಡಬಾರದು.

‘ಕಸದಿಂದ ರಸ’ವನ್ನೇ ನೋಡಿ. ಸ್ಪರ್ಧೆಗೆಂದು ಅಂಗಡಿಯಿಂದ ಹೊಸ ಥರ್ಮೊಕೋಲ್, ಗ್ಲಿಟರ್, ಅಂಟು ಬರುತ್ತದೆ. ಎರಡು ದಿನ ಪ್ರದರ್ಶನವಾಗುತ್ತದೆ. ಮೂರನೆಯ ದಿನ ಎಲ್ಲವೂ ಒಂದೇ ಚೀಲಕ್ಕೆ. ಹಸಿರು ಕೋಟು ಹಾಕಿಕೊಂಡು ಬರುವ ಹರಿತ ಕರ್ಮ ಸೇನೆಯ ಅಕ್ಕಂದಿರು ಅಂಟು ಮೆತ್ತಿದ ಆ ರಾಶಿಯನ್ನು ಕೈಯಿಂದ ಬಿಡಿಸಬೇಕು. ಕಸ ಕಡಿಮೆ ಮಾಡುವ ಸ್ಪರ್ಧೆ ಕಸ ಹೆಚ್ಚಿಸಿತು, ಅದರ ಭಾರ ಬೇರೆಯವರ ಕೈಗೆ ಬಿತ್ತು. ಪ್ರಥಮ ಬಹುಮಾನ ಮಾತ್ರ ಕಾಲೇಜಿಗೆ.

ಹೀಗೇಕೆ? ನ್ಯಾಕ್ ಮೌಲ್ಯಮಾಪನದಲ್ಲಿ ಪರಿಸರ ಆಡಿಟ್, ಇಂಧನ ಆಡಿಟ್, ಹಸಿರು ಕ್ಯಾಂಪಸ್ ಪ್ರಶಸ್ತಿಗಳಿಗೆ ಜಾಗವಿದೆ. ಅದನ್ನು ಇಟ್ಟ ಉದ್ದೇಶ ಒಳ್ಳೆಯದೇ. ಆದರೆ ಫೈಲಿಗೆ ಫೋಟೋ ಸಿಕ್ಕಿದರೆ ಸಾಕು ಎಂಬ ಮನಸ್ಸಿಗೆ ಪೋಸ್ಟರ್ ಸ್ಪರ್ಧೆಗಿಂತ ಸುಲಭದ ದಾರಿ ಬೇರೊಂದಿಲ್ಲ.

ಈಗ ಸ್ವಲ್ಪ ಲೆಕ್ಕ. ಹಳೆಯ ಮಾದರಿಯ ಒಂದು ಸೀಲಿಂಗ್ ಫ್ಯಾನಿಗೆ ಸುಮಾರು 75 ವ್ಯಾಟ್ ಬೇಕು. ಒಂದು ತರಗತಿಯಲ್ಲಿ 6 ಫ್ಯಾನು. ಯಾರೂ ಇಲ್ಲದಾಗ ದಿನಕ್ಕೆ 2 ಗಂಟೆ ತಿರುಗಿದರೆ 0.9 ಯೂನಿಟ್. ಇಂಥ 20 ಕೋಣೆಗಳಿದ್ದರೆ ದಿನಕ್ಕೆ 18 ಯೂನಿಟ್, 180 ಕೆಲಸದ ದಿನಗಳಿಗೆ 3,240 ಯೂನಿಟ್. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ಖಾಲಿ ಕೋಣೆಯ ಫ್ಯಾನುಗಳಿಂದಲೇ ವರ್ಷಕ್ಕೆ ಎರಡು ಟನ್ನಿಗೂ ಹೆಚ್ಚು! ಇದನ್ನು ತಡೆಯಲು ಪೋಸ್ಟರ್ ಬೇಡ, ಸ್ವಿಚ್ಚಿನ ಬಳಿ ಒಬ್ಬರು ಬೇಕು.

ನೀರಿನ ಲೆಕ್ಕವೂ ಹೀಗೆಯೇ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. 1,000 ಚದರ ಮೀಟರಿನ ಒಂದು ತಾರಸಿಯ ಮೇಲೆ ಬೀಳುವ ನೀರು 35 ಲಕ್ಷ ಲೀಟರ್. ಮುರಕಲ್ಲಿನ ಗುಡ್ಡ ಕೊರೆದು ಸುರಂಗ ತೋಡಿ ನೀರು ಕಂಡ ಹಿರಿಯರ ಊರು ಇದು. ಆ ಊರಿನಲ್ಲಿ ಜುಲೈಯಲ್ಲಿ ತಾರಸಿಯ ನೀರನ್ನು ಚರಂಡಿಗೆ ಬಿಟ್ಟು, ಏಪ್ರಿಲ್‌ನಲ್ಲಿ ‘ನೀರು ಉಳಿಸಿ’ ಎಂದು ಚಿತ್ರ ಬರೆಸಿದರೆ ಏನು ಪ್ರಯೋಜನ?

“ಸ್ಪರ್ಧೆಯಿಂದ ಜಾಗೃತಿಯಾದರೂ ಬರುತ್ತದಲ್ಲ” ಎನ್ನುವವರಿದ್ದಾರೆ. ಕಾಸರಗೋಡಿನವರಿಗೆ ಜಾಗೃತಿಯ ಕೊರತೆಯೇ? ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು, ಮನೆಮನೆಗಳಲ್ಲಿ ಅದರ ಗಾಯ ಉಳಿದದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು ನಮಗೆ ಯಾರೂ ಚಿತ್ರ ಬರೆದು ಹೇಳಬೇಕಿಲ್ಲ. ನಮಗೆ ಬೇಕಾದದ್ದು ಲೆಕ್ಕ ಕೇಳುವ ಅಭ್ಯಾಸ.

ನಾವು ಸ್ಪರ್ಧೆಯ ವಿರೋಧಿಗಳಲ್ಲ. ಸರಿಯಾಗಿ ನಡೆದರೆ ಅದು ಕೆಲಸ ಮಾಡುತ್ತದೆ. ಅಮೆರಿಕದ ಓಬರ್ಲಿನ್ ಕಾಲೇಜಿನಲ್ಲಿ 2005ರಲ್ಲಿ ಹಾಸ್ಟೆಲುಗಳ ನಡುವೆ ಎರಡು ವಾರಗಳ ಸ್ಪರ್ಧೆ ನಡೆಯಿತು. ಪ್ರತಿ ಹಾಸ್ಟೆಲಿನ ಬಳಕೆಯನ್ನು ವಿದ್ಯಾರ್ಥಿಗಳಿಗೆ ತೋರಿಸುತ್ತಾ ಹೋದರು. ವಿದ್ಯುತ್ ಬಳಕೆ 32% ಇಳಿಯಿತು. ಆ ಕ್ಷಣದ ಬಳಕೆಯನ್ನೇ ಕಾಣಬಹುದಾದ ಹಾಸ್ಟೆಲುಗಳಲ್ಲಿ 55% ಇಳಿಯಿತು. ಅದೇ ಸ್ಪರ್ಧೆಯಲ್ಲಿ ನೀರಿನ ಬಳಕೆ ಇಳಿದದ್ದು 3% ಮಾತ್ರ. ಅಳೆದದ್ದರಿಂದಲೇ ಎಲ್ಲಿ ಗೆದ್ದರು, ಎಲ್ಲಿ ಸೋತರು ಎಂದು ತಿಳಿಯಿತು. ಒಹಾಯೊ ರಾಜ್ಯದ ಎರಡು ವಿಶ್ವವಿದ್ಯಾಲಯಗಳು 2001ರಲ್ಲಿ ಆರಂಭಿಸಿದ ‘ರೀಸೈಕಲ್‌ಮೇನಿಯಾ’ದಲ್ಲೂ ತೀರ್ಪು ತಕ್ಕಡಿಯದ್ದೇ. ಅಷ್ಟು ದೂರವೇಕೆ, ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ‘ಗ್ರೀನ್ ಸ್ಕೂಲ್ಸ್’ ಕಾರ್ಯಕ್ರಮದಲ್ಲಿ ಶಾಲೆಯ ಮಕ್ಕಳೇ ಗಾಳಿ, ನೀರು, ಇಂಧನ, ಆಹಾರ, ಭೂಮಿ, ಕಸಗಳ ಲೆಕ್ಕ ಬರೆಯುತ್ತಾರೆ. ಶಾಲೆಯ ಮಕ್ಕಳಿಗೆ ಆಗುವುದು ಪದವಿ ವಿದ್ಯಾರ್ಥಿಗಳಿಗೆ ಆಗದೇ?

“ಬಿಲ್ಲು ಕಟ್ಟುವುದು ಆಡಳಿತ ಮಂಡಳಿ, ಮಕ್ಕಳಿಗೇಕೆ ಅದರ ಉಸಾಬರಿ?” ಎಂಬ ಮಾತೂ ಬರುತ್ತದೆ. ಆ ಬಿಲ್ಲಿನಲ್ಲಿ ನಮ್ಮ ಹೆತ್ತವರು ಕಟ್ಟಿದ ಫೀಸೂ ಇದೆ. ಮೀಟರ್ ಓದಲು ಯಾರ ಅಧಿಕಾರವೂ ಬೇಡ, ಒಂದು ನೋಟ್‌ಬುಕ್ ಸಾಕು.

ಆದ್ದರಿಂದ ನಮ್ಮ ಬೇಡಿಕೆ ನಾಲ್ಕು. ಒಂದು, ಸ್ಪರ್ಧೆಯ ಮೊದಲ ದಿನ ಮತ್ತು ಕೊನೆಯ ದಿನದ ಮೀಟರ್ ರೀಡಿಂಗನ್ನು ನೋಟಿಸ್ ಬೋರ್ಡಿನಲ್ಲಿ ಹಾಕಿ. ಎರಡು, ಕಸವನ್ನು ವಿಂಗಡಿಸಿ ತೂಗಿ, ಒಬ್ಬ ವಿದ್ಯಾರ್ಥಿಗೆ ಎಷ್ಟು ಎಂದು ಲೆಕ್ಕ ಹಾಕಿ. ಮೂರು, ಗಿಡ ನೆಟ್ಟವರಿಗೆ ಜೂನ್‌ನಲ್ಲಿ ಬಹುಮಾನ ಬೇಡ. ಮುಂದಿನ ಏಪ್ರಿಲ್‌ನ ಬಿಸಿಲಿಗೂ ಬದುಕಿ ಉಳಿದ ಗಿಡಗಳನ್ನು ಎಣಿಸಿ ಕೊಡಿ. ನಾಲ್ಕು, ತೀರ್ಪುಗಾರರಲ್ಲಿ ಒಬ್ಬರು ಕ್ಯಾಂಪಸ್ ಗುಡಿಸುವವರೋ ಹರಿತ ಕರ್ಮ ಸೇನೆಯವರೋ ಆಗಿರಲಿ. ನಮ್ಮ ಕಸ ಎಷ್ಟು, ಎಂಥದು ಎಂದು ಅವರಿಗೆ ಗೊತ್ತಿರುವಷ್ಟು ಅತಿಥಿಗಳಿಗೆ ಗೊತ್ತಿಲ್ಲ.

ಇದೇ ತಕ್ಕಡಿ ಚರ್ಚ್ ಅಂಗಳಕ್ಕೂ ಬರಲಿ. ವಾರ್ಷಿಕ ಹಬ್ಬದ ಊಟದ ನಂತರ ಉಳಿದ ಕಸವನ್ನು ವಾರ್ಡುವಾರು ತೂಗೋಣ. ಕಾಲೇಜಿಗೊಂದು ನ್ಯಾಯ, ನಮಗೊಂದು ನ್ಯಾಯ ಬೇಡ.

ಮುಂದಿನ ಬಾರಿ ಯಾರಾದರೂ ‘ಹಸಿರು ಕ್ಯಾಂಪಸ್’ ಸ್ಪರ್ಧೆಗೆ ಹೆಸರು ಕೇಳಿದರೆ ಮೊದಲು ಒಂದೇ ಪ್ರಶ್ನೆ ಕೇಳಿ: “ಏನನ್ನು ಅಳೆಯುತ್ತೀರಿ?” ಉತ್ತರ ಇದ್ದರೆ ಗುಂಪಾಗಿ ಹೋಗಿ ಗೆದ್ದು ಬನ್ನಿ. ಇಲ್ಲದಿದ್ದರೆ ಆ ದಿನ ನಾಲ್ಕು ಜನ ಸೇರಿ ಕ್ಯಾಂಪಸ್ಸಿನ ಸೋರುವ ನಲ್ಲಿಗಳನ್ನು ಎಣಿಸಿ, ಪಟ್ಟಿಯನ್ನು ಪ್ರಾಂಶುಪಾಲರ ಕೈಗೆ ಕೊಡಿ.